ಕುರ್ಚಿಯ ಮೇಲಿನ ಕಂದು ಅಂಗಿ

ಆರ್ಲಿಸ್,

ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ. ಲಾರಿ ತಗೊಂಡು ಡೆನ್ವರ್‌ಗೆ ಹೊರಟೆ. ಜಿಂಕೆ ಬೇಟೆಯ ಮೊದಲ ದಿನ ಈ ವರ್ಷವೂ ನಾನಿಲ್ಲ.

ಬಂದೂಕಿನ ಬಾಯಿಗೆ ಇನ್ನೂ ಟರ್ಕಿ ಕೋಳಿ ಬೇಟೆಗೆ ತಿರುಗಿಸಿ ಹಾಕಿದ ಕಿರುಬಾಯಿಯ ಕೊಳವೆ, ಆ ಬಿಗಿ ಚೋಕೇ ಇದೆ. ಮರೆತವನು ನಾನೇ, ಬೈಯಬೇಡ. ಅದರಲ್ಲಿ ಜಿಂಕೆಗೆ ಹೊಡೆಯುವ ದಪ್ಪ ಒಂಟಿ ಗುಂಡು, ಸ್ಲಗ್, ಹಾರಿಸಿದರೆ ನಳಿಗೆ ಕೆಡುತ್ತದೆ. ಬಿಚ್ಚಿ, ಅಗಲ ಬಾಯಿಯ ಚೋಕ್ ಹಾಕು, ಕಾಫಿ ಡಬ್ಬದಲ್ಲಿದೆ. ಅಂಗಡಿಯವನು ಹೊಗಳುವ ದುಬಾರಿ ಸ್ಲಗ್ ತರಬೇಡ. ಅವು ಒಳಗೆ ಸುರುಳಿ ಗೀರಿರುವ ನಳಿಗೆಗೆ, ನಮ್ಮದು ನುಣ್ಣಗಿದೆ. ನಾವಿಬ್ಬರೂ ಗುರಿ ಸರಿಮಾಡಿಕೊಳ್ಳಲು ಹಾರಿಸಿದ ಸ್ಲಗ್ ಡಬ್ಬಿಯಲ್ಲಿ ಐದು ಉಳಿದಿವೆ, ಸಾಕು.

ಬೇಲಿ ಮೂಲೆಯಲ್ಲಿ ನಿಲ್ಲು, ನಾವು ನಿಲ್ಲುತ್ತಿದ್ದಲ್ಲೇ. ನಿಮ್ಮಪ್ಪ ಹಳ್ಳದ ಕಡೆಯಿಂದ ಜಿಂಕೆ ಅಟ್ಟಿಕೊಂಡು ಬರುತ್ತಾರೆ. ಗುರಿ ತಪ್ಪಿದವರ ಅಂಗಿ ತುದಿ ಕತ್ತರಿಸುವ ಬೇಟೆಯ ಹಳೇ ಪದ್ಧತಿ ಗೊತ್ತಲ್ಲ, "ಎಲ್ಲಿ, ಅಂಗಿ ತುದಿ ಕೊಡಮ್ಮ" ಅಂತ ಕತ್ತರಿ ತೆಗೆಯುತ್ತಾರೆ. ಆ ಚೂರು ವರ್ಷವಿಡೀ ಅವರ ಕೊಟ್ಟಿಗೆ ಗೋಡೆಯಲ್ಲಿ ನೇತಾಡುತ್ತದೆ.

ನನ್ನ ಕಂದು ಅಂಗಿ ಕುರ್ಚಿಯ ಮೇಲಿದೆ. ಜಾಕೆಟ್ ಒಳಗೆ ಅದನ್ನೇ ಹಾಕಿಕೋ. ನಿನಗೆ ದೊಗಳೆ, ಇರಲಿ.

ನಿನ್ನ ಗುರಿ ತಪ್ಪುವುದಿಲ್ಲ, ಗೊತ್ತು. ಒಂದು ಸಲ ತಪ್ಪಿಸು, ಆರ್ಲಿಸ್. ನೀವೆಲ್ಲ ನಗುವಾಗ ನಾನೂ ಒಂದು ಚೂರು ಅಲ್ಲಿರುತ್ತೇನೆ.

ಡೆಲ್