ರೋಗಿಗಳ ಸಾಲಿಗೆ ಸೇರಿದ ಬ್ರಾ

ಮಾರ್ಚ್ 11, ಮಂಗಳವಾರ

ಕೋಪ ಬಂದಾಗ ಕೂಗಾಡುವ ಬದಲು ಬರೆದಿಡಿ ಎಂದು ಸೊಸೆ ಈ ಪುಸ್ತಕ ತಂದುಕೊಟ್ಟಿದ್ದಾಳೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇದೆಂಥ ಶಿಕ್ಷೆ!

ನಮ್ಮದು ಒಳಉಡುಪು, ಆಸ್ಪತ್ರೆ ಸಾಮಾನು ಎರಡನ್ನೂ ಮಾರುವ ಅಂಗಡಿ. ಅದನ್ನೆಲ್ಲ ಅವಳು ಆನ್‌ಲೈನ್‌ನಲ್ಲಿ ಹೊಸದಾಗಿ ವಿಂಗಡಿಸಿದ್ದಾಳೆ. ಎರಡು ವಾರ ಕಣ್ಣು ಕೆಂಪಾಗುವಷ್ಟು ದುಡಿದಳು, ಇಲ್ಲ ಅನ್ನುವುದಿಲ್ಲ. ಆದರೆ ಸ್ತನ ತೆಗೆಸಿಕೊಂಡವರಿಗೆಂದು ನಾನು ಹೊಲಿಯುವ ಬ್ರಾಗಳನ್ನು ‘ರೋಗಿಗಳಿಗೆ’ ಎಂಬ ವಿಭಾಗದಲ್ಲಿ, ಬೆಡ್‌ಪ್ಯಾನ್ ಪಕ್ಕದಲ್ಲಿ ಹಾಕಿದ್ದಾಳೆ.

ಇವತ್ತು ಒಬ್ಬ ಟೀಚರು ಫೋನ್ ಮಾಡಿದ್ದರು. “ಅಮ್ಮಾ, ನಂಗೆ ವಾಸಿಯಾಗಿ ಎರಡು ವರ್ಷ ಆಯ್ತು. ಆ ಬೆಡ್‌ಪ್ಯಾನ್ ನೋಡಿ ಮನಸ್ಸು ಮುರೀತು, ಏನೂ ತಗೊಳ್ಳಲಿಲ್ಲ” ಅಂದರು.

ಸೊಸೆಯನ್ನು ಕೇಳಿದೆ.

“ಹುಡುಕೋರಿಗೆ ಬೇಗ ಸಿಗ್ಲಿ ಅಂತ ಅಲ್ಲಿ ಹಾಕ್ದೆ ಅತ್ತೆ.”

“ಸಿಕ್ಕಿ ಏನು ಬಂತು ಮಣ್ಣು? ಹನ್ನೊಂದು ವರ್ಷದಿಂದ ನಾನೂ ಅಂಥದ್ದೇ ಬ್ರಾ ಹಾಕ್ಕೊಂಡು ನಿನ್ನ ಮುಂದೆ ಓಡಾಡ್ತಿದೀನಿ. ನಾನು ರೋಗಿನಾ?”

ಅವಳ ಮುಖ ಸಪ್ಪಗಾಯಿತು. ಪಾಪ, ಅವಳಿಗೆ ಗೊತ್ತೇ ಇರಲಿಲ್ಲ. ನಾನು ಯಾರಿಗೂ ಹೇಳಿದವಳಲ್ಲ. ಹೇಳುವುದಾದರೆ ಮೆತ್ತಗೆ ಹೇಳಬಹುದಿತ್ತು.

ಆದರೂ ನನ್ನ ಮಾತು ಮಾತೇ. ಉಳಿದ ಬ್ರಾಗಳ ಜೊತೆಗೆ, ಲೇಸಿನವುಗಳ ಪಕ್ಕದಲ್ಲೇ ಇವೂ ಇರಬೇಕು. ಆಗುತ್ತದೋ ಇಲ್ಲವೋ, ಶುಕ್ರವಾರ ಹದಿನಾಲ್ಕರೊಳಗೆ ಅವಳಿಂದ ನನಗೆ ಉತ್ತರ ಬೇಕು.