ಬೂಟಿನಡಿಯ ರೊಟ್ಟಿ

ಅಕ್ಟೋಬರ್ ೨೯, ಓಶ್

ಬೂಟನ್ನು ಮೂರು ಸಲ ತೊಳೆದೆ. ರಕ್ತ ಹೋಗಿದೆ, ರೊಟ್ಟಿಯ ಪುಡಿ ಇನ್ನೂ ಹೊಲಿಗೆಯಲ್ಲಿ ಸಿಕ್ಕಿಕೊಂಡಿದೆ.

ತಿಂಗಳ ಕೊನೆ. ಪೊಲೀಸ್ ಠಾಣೆಯ ಲೆಕ್ಕ ತುಂಬಿಸಲು ನಾನು ಇನ್ನೂ ಮೂವರು ಮಾದಕ ವ್ಯಸನಿಗಳನ್ನು ಹಿಡಿದು ತರಬೇಕಿತ್ತು. ಹೆರಾಯಿನ್ ಚಟ ಬಿಡಿಸುವ ಔಷಧಿ ಕುಡಿಯಲು ದಿನಾ ಬೆಳಿಗ್ಗೆ ತಾವಾಗಿಯೇ ಬರುತ್ತಾರಲ್ಲ, ಆ ಆಸ್ಪತ್ರೆಯ ಗೇಟಿಗಿಂತ ಸುಲಭದ ಜಾಗ ಯಾವುದಿದೆ? ಮೊದಲು ಸಿಕ್ಕವನು ಬಡಗಿ ಝೆನಿಶ್. ಅವನು ಓಡಲೂ ಇಲ್ಲ. ಆದರೂ ಲಾಠಿಯಿಂದ ಬಾಯಿಗೆ ಬಾರಿಸಿದೆ, ಬಿದ್ದ ಮೇಲೆ ಪಕ್ಕೆಗೆ ಒದ್ದೆ. ಅವನ ಚೀಲದಿಂದ ಉರುಳಿದ ರೊಟ್ಟಿ ನನ್ನ ಕಾಲಡಿ ಸಿಕ್ಕಿತು.

ಹಲ್ಲು ಉಗುಳಿ ಅವನೆಂದ: "ಹೊಡೀರಿ ಸಾಹೇಬ್ರೇ, ಆದ್ರೆ ಕಾಲು ತೆಗೀರಿ. ರೊಟ್ಟಿ ಅದು."

ತೆಗೆದೆ. ಅವನು ಅದನ್ನೆತ್ತಿ ಹಣೆಗೊತ್ತಿಕೊಂಡು, ಯಾರೂ ತುಳಿಯದಂತೆ ಗೋಡೆಯ ಮೇಲಿಟ್ಟ. ಆಮೇಲೆ ಬೇಡಿಗೆ ಕೈ ಚಾಚಿದ.

ನರ್ಸ್ ಜಿಪಾರ್ ಅಕ್ಕ ಒಳಗಿನಿಂದ ಓಡಿಬಂದು ಕಿರುಚಿದಳು: "ಥೂ! ಮಾಲು ಮಾರೋರನ್ನ ಹಿಡಿಯೋಕೆ ದಮ್ಮಿಲ್ಲ, ವಾಸಿಯಾಗೋಕೆ ಬಂದೋರ ಹಲ್ಲು ಉದುರಿಸ್ತೀಯಾ? ನಿನ್ನ ನೋಡಿ ಹನ್ನೊಂದು ಜನ ಮೂಲೆಯಿಂದ್ಲೇ ವಾಪಸ್ ಹೋದ್ರು. ನಿನ್ನ ತಮ್ಮನೂ ಅವರಲ್ಲಿದ್ದ ಕಣೋ."

ತಮ್ಮ ಎರ್ಮೆಕ್‌ನನ್ನು ಮೊದಲ ದಿನ ಕೈಹಿಡಿದು ಅಲ್ಲಿಗೆ ಕರೆದೊಯ್ದವನು ನಾನೇ. "ಇಲ್ಲಿ ಯಾರೂ ನಿನ್ನ ಮುಟ್ಟಲ್ಲ" ಅಂದಿದ್ದೆ.

ಊಟದ ಹೊತ್ತಿಗೆ ಅಮ್ಮ ರೊಟ್ಟಿ ಮುರಿದು, ಅವನ ಪಾಲನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ಅವನಿನ್ನೂ ಬಂದಿಲ್ಲ. ಹುಡುಕಿಕೊಂಡು ಹೋಗೋಣವೆಂದರೆ, ನನ್ನನ್ನು ಕಂಡರೆ ಓಡುತ್ತಾನೆ.