ಸವೆಯದ ಅಂಚು

ಲೀಡ್ಸ್, 9 ಮಾರ್ಚ್ 1971

ಮಾನ್ಯ ಶ್ರೀಮತಿ ಹೋಲ್ರಾಯ್ಡ್ ಅವರಿಗೆ,

ನೀವು ನನ್ನ ಅಂಗಡಿಗೆ ಮಾರಲು ತಂದ ನಿಮ್ಮ ತಂದೆಯವರ ಯುದ್ಧಪದಕವನ್ನು ಪರೀಕ್ಷಿಸಿದೆ. “ಅಪ್ಪ ಬರೀ ಬುರುಡೆ ಬಿಡ್ತಿದ್ದ ಕಣ್ರೀ, ಅದನ್ನ ಸಂತೇಲಿ ಕೊಂಡಿದ್ದು” ಎಂದು ಅಂದು ನಿಮ್ಮಣ್ಣ ನಕ್ಕರು. ನೀವು ತಲೆ ತಗ್ಗಿಸಿದಿರಿ.

ಇಂಥ ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು ಕೆತ್ತಿರುತ್ತಾರೆ. ಬೇರೆಯವರ ಹೆಸರು ಉಜ್ಜಿ ಅಳಿಸಿ ತಮ್ಮದನ್ನು ಕೆತ್ತಿಸಿದ್ದರೆ ಅಂಚು ಸವೆದಿರುತ್ತದೆ. ಮೂರು ಸಲ ಅಳೆದೆ, ಕೂದಲೆಳೆಯಷ್ಟೂ ಸವೆದಿಲ್ಲ. ರೆಜಿಮೆಂಟಿನ ಹಳೆಯ ಪಟ್ಟಿಯಲ್ಲೂ ಅದೇ ಸಂಖ್ಯೆ, ಅದೇ ಹೆಸರು: ನಿಮ್ಮ ತಂದೆ ವಾಲ್ಟರ್ ಸಗ್ಡನ್. ಗುಂಡಿನ ಮಳೆಯ ನಡುವೆ ಗಾಯಾಳುಗಳನ್ನು ಹೊತ್ತು ತರುವುದು ಅವರ ಕೆಲಸವಾಗಿತ್ತು.

ಪದಕವನ್ನು ಇದರೊಂದಿಗೆ ಮರಳಿಸುತ್ತಿದ್ದೇನೆ. ದಯವಿಟ್ಟು ಅಣ್ಣನ ಕೈಗೆ ಕೊಟ್ಟು, ಹೆಸರನ್ನು ಅವರಿಂದಲೇ ಓದಿಸಿ. ಆಮೇಲೂ ಮಾರುವ ಮನಸ್ಸಿದ್ದರೆ ಒಂದು ಸಾಲು ಬರೆಯಿರಿ, ಖಂಡಿತ ಕೊಳ್ಳುತ್ತೇನೆ. ನಿಮ್ಮ ಕಾಗದ ಬಾರದಿದ್ದರೆ ನನಗೆ ಇನ್ನೂ ಹೆಚ್ಚು ಸಂತೋಷ.

ಗೌರವದೊಂದಿಗೆ,
ಆರ್ಥರ್ ಪಿಕರ್ಸ್‌ಗಿಲ್